ಗಾಣದ ಎಣ್ಣೆಗೆ ಕಾಲೇಜಿನ ಪ್ರಯೋಗಾಲಯ ತೆರೆಯಲಿ

ಮಾನ್ಯರೆ,

ಮಂಡ್ಯದಲ್ಲೂ ಮೈಸೂರಿನಲ್ಲೂ ಮರದ ಗಾಣಗಳು ಮತ್ತೆ ಕಾಣಿಸಿಕೊಂಡಿರುವುದು ಸಂತೋಷದ ಸಂಗತಿ. ಆದರೆ ಕಡಲೆಕಾಯಿ, ಎಳ್ಳು, ಹುಚ್ಚೆಳ್ಳುಗಳ ಎಣ್ಣೆಯ ಗುಣವನ್ನು ನಾವು ಇಂದಿಗೂ ಬಣ್ಣ ನೋಡಿ, ಮೂಸಿ ನಿರ್ಧರಿಸುತ್ತಿದ್ದೇವೆ. ಕಮಟು ಮೂಗಿಗೆ ಬಡಿಯುವ ಹೊತ್ತಿಗೆ ಎಣ್ಣೆ ಸಾಕಷ್ಟು ಕೆಟ್ಟಿರುತ್ತದೆ.

ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಎಳ್ಳೆಣ್ಣೆ ಎಂದು ಚೀಟಿ ಅಂಟಿಸಿದ್ದ ಸೀಸೆಯೊಂದನ್ನು ಅಂಗಡಿಯಿಂದ ತಂದು, ಹಳೆಯ ಸಹೋದ್ಯೋಗಿಗಳ ನೆರವಿನಿಂದ ಈಚೆಗೆ ಪರೀಕ್ಷಿಸಿದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್‌ಫ್ಯೂರಾಲ್ ಹಾಕಿ ಕುಲುಕಿಟ್ಟಾಗ ತಳದ ಆಮ್ಲದ ಪದರ ಗುಲಾಬಿಗೆ ತಿರುಗಿತು. ಈ ಪರೀಕ್ಷೆ ಎಳ್ಳೆಣ್ಣೆ ಇದೆಯೆಂದು ಹೇಳುತ್ತದೆಯೇ ಹೊರತು ಎಳ್ಳೆಣ್ಣೆ ಮಾತ್ರ ಇದೆಯೆಂದು ಹೇಳುವುದಿಲ್ಲ. ತುಪ್ಪಕ್ಕೆ ವನಸ್ಪತಿ (ಡಾಲ್ಡಾದಂಥ ಗಟ್ಟಿ ಕೊಬ್ಬು) ಬೆರೆಸಿದರೆ ಇದೇ ಬಣ್ಣದಿಂದ ಪತ್ತೆಯಾಗಲೆಂದೇ ವನಸ್ಪತಿಯಲ್ಲಿ ಶೇ 5ರಷ್ಟು ಎಳ್ಳೆಣ್ಣೆ ಇರಬೇಕೆಂಬ ನಿಯಮ ನಮ್ಮಲ್ಲಿ ಬಂದದ್ದು. ಹಾಗಾಗಿ ಅಯೋಡಿನ್ ಮೌಲ್ಯವನ್ನೂ, ಅಂದರೆ ಎಣ್ಣೆ ಎಷ್ಟು ಅಯೋಡಿನ್ ಹೀರಿಕೊಳ್ಳುತ್ತದೆ ಎಂಬುದನ್ನೂ, ಅಳೆದೆವು. ಎಳ್ಳೆಣ್ಣೆಗೆ ಅದು ಸಾಮಾನ್ಯವಾಗಿ 103ರಿಂದ 120ರೊಳಗೆ ಇರಬೇಕು, ತಾಳೆ ಎಣ್ಣೆಯದು 50ರ ಆಸುಪಾಸು. ನಮ್ಮ ಸೀಸೆಯದು 90ನ್ನೂ ಮುಟ್ಟಲಿಲ್ಲ. ಬೆರೆತದ್ದು ಯಾವ ಎಣ್ಣೆ ಎಂದು ಈ ಒಂದು ಅಂಕಿ ಹೇಳದು, ಆದರೆ ಚೀಟಿಯ ಮೇಲಿನ ಮಾತು ನಿಜವಲ್ಲವೆಂಬುದಕ್ಕೆ ಅಷ್ಟು ಸಾಕು. ಪ್ರಾಮಾಣಿಕವಾಗಿ ಎಣ್ಣೆ ತೆಗೆಯುವ ಗಾಣದವರಿಗೆ ಇದರಿಂದ ಆಗುವ ನಷ್ಟವೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಇಂಥ ಪರೀಕ್ಷೆಗಳಿಗೆ ದೊಡ್ಡ ಯಂತ್ರಗಳು ಬೇಡ. ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಕೆಲಸವನ್ನು 1950ರಿಂದ ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಂಥ ಸಂಸ್ಥೆಗಳಿಗೆ ಬಿಡೋಣ. ಎಣ್ಣೆಯ ಆಮ್ಲ ಮೌಲ್ಯ, ಅಂದರೆ ಅದರಲ್ಲಿ ಬಿಡಿಯಾಗಿರುವ ಆಮ್ಲದ ಪ್ರಮಾಣ, ತಿಳಿಯಲು ಬ್ಯುರೆಟ್ಟು (ಅಳತೆಗೆರೆಗಳಿರುವ ಗಾಜಿನ ಕೊಳವೆ), ತಕ್ಕಡಿ ಇದ್ದರಾಯಿತು. ತೂಗಿದ ಎಣ್ಣೆಗೆ ತಟಸ್ಥಗೊಳಿಸಿದ ಬಿಸಿ ಆಲ್ಕೋಹಾಲ್ ಬೆರೆಸಿ, ಬಣ್ಣದ ಸೂಚಕವಾದ ಫಿನಾಲ್ಫ್ತಲೀನ್ ಒಂದೆರಡು ಹನಿ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಹೋದರೆ, ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ಮಾಸದೆ ನಿಲ್ಲುವ ಹಂತಕ್ಕೆ ಉತ್ತರ ಸಿಗುತ್ತದೆ. ಈ ಅಂಕಿ ಏರಿದ್ದರೆ ಬೀಜ ಸರಿಯಾಗಿ ಒಣಗದೆ ಚೀಲದಲ್ಲೇ ಕೆಡಲಾರಂಭಿಸಿತ್ತೆಂದು ಶಂಕಿಸಬಹುದು. ಗಾಣದವರು ಬೀಜ ಕೊಳ್ಳುವಾಗ ಇದಕ್ಕಿಂತ ಉಪಯುಕ್ತವಾದ ಮಾಹಿತಿ ಇನ್ನಾವುದಿದೆ?

ರೈತರಿಗೆ ಬೇಕಾದದ್ದು ಬೀಜದಲ್ಲಿ ಎಣ್ಣೆ ಎಷ್ಟಿದೆ ಎಂಬ ಲೆಕ್ಕ. ಹಾಲಿನ ಕೊಬ್ಬನ್ನು ಅಳೆಯಲೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಸಾಕ್ಸ್‌ಲೆಟ್ 1879ರಲ್ಲಿ ರೂಪಿಸಿದ ಗಾಜಿನ ಉಪಕರಣ ಇದಕ್ಕೆ ಇಂದಿಗೂ ಸಾಕು. ಪುಡಿ ಮಾಡಿದ ಹುಚ್ಚೆಳ್ಳನ್ನು ಕಾಗದದ ಕೊಳವೆಯಲ್ಲಿ ತುಂಬಿಟ್ಟರೆ, ಎಣ್ಣೆಯನ್ನು ಕರಗಿಸಿಕೊಳ್ಳುವ, ಸುಮಾರು 69 ಡಿಗ್ರಿಯಲ್ಲಿ ಕುದಿಯುವ ಹೆಕ್ಸೇನ್ ಎಂಬ ದ್ರವ ಆವಿಯಾಗಿ ಮೇಲೇರಿ, ತಣಿದು, ಪುಡಿಯ ಮೇಲೆ ತೊಟ್ಟಿಕ್ಕಿ, ಮಟ್ಟ ಏರಿದೊಡನೆ ಒಮ್ಮೆಗೇ ಕೆಳಕ್ಕೆ ಇಳಿಯುತ್ತದೆ. ಮೊದಮೊದಲು ಹಳದಿಯಾಗಿ ಇಳಿದದ್ದು ಗಂಟೆಗಳ ನಂತರ ನೀರಿನಷ್ಟು ತಿಳಿಯಾಗುತ್ತದೆ. ಆಮೇಲೆ ಹೆಕ್ಸೇನನ್ನು ಆವಿಯಾಗಿಸಿ, ಉಳಿದ ಎಣ್ಣೆಯನ್ನು ತೂಕ ಬದಲಾಗದಿರುವವರೆಗೆ ಒಣಗಿಸಿ ತೂಗಿದರೆ ಆಯಿತು. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನೂ ಹೀಗೆಯೇ ಅಳೆಯಬಹುದು. ಹೆಕ್ಸೇನ್ ಬೇಗ ಹೊತ್ತಿಕೊಳ್ಳುವುದರಿಂದ ಈ ಕೆಲಸ ಅಧ್ಯಾಪಕರ ಸಮ್ಮುಖದಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ನಡೆಯಬೇಕು. ಹೀಗೆ ತೆಗೆದ ಎಣ್ಣೆ ಅಡುಗೆಗೆ ಸಲ್ಲದು.

ಆದ್ದರಿಂದ ಎರಡೂ ಜಿಲ್ಲೆಗಳ ವಿಜ್ಞಾನ ಕಾಲೇಜುಗಳು ತಿಂಗಳಿಗೆ ಒಂದು ದಿನವಾದರೂ ರೈತರಿಗೂ ಗಾಣದವರಿಗೂ ಪ್ರಯೋಗಾಲಯದ ಬಾಗಿಲು ತೆರೆಯಬೇಕೆಂದು ಕೋರುತ್ತೇನೆ. ಕಾಲೇಜಿನ ವರದಿಗೆ ಕಾನೂನಿನ ಬಲವಿರುವುದಿಲ್ಲ. ಅದು ಬೇಕಾದವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್‌ನಂತೆ ಶುಲ್ಕ ಕಟ್ಟಿ, ತಾವು ಕೊಂಡ ಎಣ್ಣೆಯನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಈ ಹಕ್ಕಿನ ಬಗ್ಗೆ ಜಿಲ್ಲಾಡಳಿತ ವ್ಯಾಪಕ ಪ್ರಚಾರ ಕೊಡಲಿ. ಈ ಬಾರಿಯ ಕಡಲೆಕಾಯಿ ಗಾಣಕ್ಕೆ ಬರುವುದರೊಳಗೆ ಒಂದೆರಡು ಕಾಲೇಜುಗಳಾದರೂ ಕೆಲಸ ಆರಂಭಿಸಿದರೆ, ಬ್ಯುರೆಟ್ಟು ಹಿಡಿಯಲು ನಾನು ಸಿದ್ಧನಿದ್ದೇನೆ.

– ನಿವೃತ್ತ ಅಧ್ಯಾಪಕ, ಮಂಡ್ಯ