ಬಸ್ ಸ್ಟಾಪಿನಲ್ಲಿ ಸೈಕಲ್ಲಿಗೊಂದು ಜಾಗ ಕೊಡಿ

ಮಾನ್ಯ ಸಂಪಾದಕರೇ,

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನನ್ನಂಥ ಹೆಂಗಸರಿಗೆ ಬಸ್ ಚಾರ್ಜು ಉಳಿಯಿತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಸ್ಸು ಸಿಗುವ ಜಾಗಕ್ಕೆ ಹೋಗುವ ಖರ್ಚು ಯಾರ ಲೆಕ್ಕಕ್ಕೂ ಬಂದಿಲ್ಲ. ಮಂಡ್ಯ ಜಿಲ್ಲೆಯ ನಮ್ಮೂರಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಸ್ಟಾಪಿಗೆ ನಾಲ್ಕು ಕಿಲೋಮೀಟರ್. ಊರೊಳಕ್ಕೆ ಬರುವ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಎರಡೂ ನನ್ನ ಕೆಲಸದ ಹೊತ್ತಿಗೆ ಆಗಿಬರುವುದಿಲ್ಲ. ಆಟೊದವರು ತಲೆಗೆ ಇಪ್ಪತ್ತು ರೂಪಾಯಿ ಕೇಳುತ್ತಾರೆ, ಅದೂ ಎಂಟು ಜನ ತುಂಬುವ ತನಕ ಗಾಡಿ ಅಲುಗಾಡುವುದಿಲ್ಲ. ಪಟ್ಟಣದ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ನನಗೆ ಹೋಗಿಬರಲು ದಿನಕ್ಕೆ ನಲವತ್ತು ಎಂದರೆ ತಿಂಗಳಿಗೆ ಒಂದು ಗ್ಯಾಸ್ ಸಿಲಿಂಡರು ಬಂದು ಮೇಲೆ ಚಿಲ್ಲರೆಯೂ ಉಳಿಯುತ್ತದೆ.

ಹಾಗಾಗಿ ಸೈಕಲ್ ತುಳಿಯುತ್ತೇನೆ. ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಸರ್ಕಾರ ಕೊಟ್ಟದ್ದು. ಅವಳು ಡಿಗ್ರಿಗೆ ಸೇರಿ ಹಾಸ್ಟೆಲ್ಲಿಗೆ ಹೋದ ಮೇಲೆ ಕೊಟ್ಟಿಗೆಯಲ್ಲಿ ಒರಗಿತ್ತು. ಕ್ಯಾರಿಯರಿಗೆ ವೆಲ್ಡಿಂಗ್ ಮಾಡಿಸಿ, ಎರಡೂ ಟೈರ್ ಬದಲಾಯಿಸಿ ರಸ್ತೆಗೆ ಇಳಿಸಿಕೊಂಡೆ. 2006–07ರಲ್ಲಿ ಶುರುವಾಗಿ ಕೊರೊನಾ ಬಂದ ಮೇಲೆ ನಿಂತುಹೋದ ಆ ಯೋಜನೆಯ ಸೈಕಲ್ಲುಗಳು ನಮ್ಮ ಕಡೆ ಹತ್ತಾರು ಮನೆಗಳಲ್ಲಿ ಜೇಡರ ಬಲೆ ಕಟ್ಟಿಕೊಂಡು ನಿಂತಿವೆ. ಸ್ಟಾಪಿನವರೆಗೆ ತುಳಿಯಲು ಹದಿನೈದು–ಇಪ್ಪತ್ತು ನಿಮಿಷ ಸಾಕು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಸ್ವಲ್ಪ ತಡ, ಅಷ್ಟೆ.

ತೊಂದರೆ ಶುರುವಾಗುವುದು ಸೈಕಲ್ಲಿನಿಂದ ಇಳಿದ ಮೇಲೆ. ಅದನ್ನು ಎಲ್ಲಿ ಬಿಡುವುದು? ತಂಗುದಾಣದ ಪಕ್ಕದ ಹೊಂಗೆ ಮರಕ್ಕೆ ಚೈನು ಸುತ್ತಿ ಬೀಗ ಹಾಕಿದರೆ ಸಂಜೆ ಬರುವಷ್ಟರಲ್ಲಿ ಸೀಟಿನ ಮೇಲೆ ಹಕ್ಕಿ ಹಿಕ್ಕೆ, ಟೈರಿನಲ್ಲಿ ಗಾಳಿ ಇಲ್ಲ. ಹುಡುಗರಿಗೆ ವಾಲ್‌ಟ್ಯೂಬ್ ಕೀಳುವುದೊಂದು ಆಟ. ಅದನ್ನು ಸಹಿಸಬಹುದು ಅನ್ನಿ. ನಮ್ಮ ಬೀದಿಯ ಹುಡುಗಿಯೊಬ್ಬಳ ಸೈಕಲ್ಲನ್ನು ಬೀಗದ ಸಮೇತ ಎತ್ತಿಕೊಂಡು ಹೋದರು. ಅವಳೀಗ ಕಾಲೇಜಿಗೆ ಹೋಗಬೇಕಾದರೆ ಅಣ್ಣ ಬೈಕಿನಲ್ಲಿ ಬಿಡಬೇಕು; ಅವನು ಬಿಡದ ದಿನ ಕಾಲೇಜಿಲ್ಲ. ಎದುರಿನ ಪೆಟ್ಟಿಗೆ ಅಂಗಡಿಯವರು ಒಳ್ಳೆಯವರು, ತಮ್ಮ ಅಂಗಡಿಯ ಹಿಂದೆ ಇಟ್ಟುಕೊಳ್ಳಲು ಬಿಡುತ್ತಾರೆ. ಆದರೆ ಅವರು ಹೇಳುವುದೂ ನ್ಯಾಯವೇ: ‘ನೀವೊಬ್ಬರು ಇಟ್ಕಳಿ ಅಕ್ಕ, ಊರೆಲ್ಲಾ ಬಂದು ಇಟ್ರೆ ನಾನು ಸೋಡ ಕ್ರೇಟ್ ಎಲ್ಲಿ ಇಡ್ಲಿ?’

ತಾಲ್ಲೂಕು ಬಸ್ ನಿಲ್ದಾಣದ ಕತೆ ಬೇರೆ. ಅಲ್ಲಿ ಹಣ ಕಟ್ಟಿ ನಿಲ್ಲಿಸುವ ಸ್ಟ್ಯಾಂಡ್ ಇದೆ. ಮೈಸೂರಿಗೆ ಕೆಲಸಕ್ಕೆ ಹೋಗುವ ನನ್ನ ನಾದಿನಿ ಸೈಕಲ್ ತಳ್ಳಿಕೊಂಡು ಹೋದರೆ ಚೀಟಿ ಹರಿಯುವವನು ಒಳಗೇ ಬಿಡಲಿಲ್ಲ. ಬೈಕಿಗೆ ಸಿಗುವ ದುಡ್ಡು ಸೈಕಲ್ಲಿಗೆ ಸಿಗುವುದಿಲ್ಲವಲ್ಲ!

ಸೈಕಲ್ಲು–ಬಸ್ಸು ಜೋಡಿಸುವ ಮಾತು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ದೊಡ್ಡ ಊರಿನ ಸುದ್ದಿಯೇ. ಕೊರೊನಾ ಕಾಲದಲ್ಲಿ ಬೆಂಗಳೂರಿನ ಕೆಲವು ಬಿಎಂಟಿಸಿ ಬಸ್ಸುಗಳ ಮೂತಿಗೆ ಸೈಕಲ್ ಇಡುವ ಚೌಕಟ್ಟು ಹಾಕಿದ ಫೋಟೊ ನೋಡಿದ್ದೆ. ಮಡಚುವ ಸೈಕಲ್ಲನ್ನು ಮೆಟ್ರೊದೊಳಗೂ ಒಯ್ಯಬಹುದಂತೆ. ಆ ಸೈಕಲ್ಲಿನ ಬೆಲೆ ಕೇಳಿದರೆ ನನ್ನ ತಿಂಗಳ ಸಂಬಳವೇ ಮಡಚಿಕೊಳ್ಳುತ್ತದೆ. ಮೈಸೂರಿನಲ್ಲಿ 2017ರಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ನಿಜಕ್ಕೂ ಒಳ್ಳೆಯದು. ಬಸ್ಸಿಳಿದವರು ಬಾಡಿಗೆ ಸೈಕಲ್ ತೆಗೆದುಕೊಂಡು ಹೋಗಿ ಇನ್ನೊಂದು ನಿಲ್ದಾಣದಲ್ಲಿ ಬಿಟ್ಟರಾಯಿತು. ಆದರೆ ಅದು ನಗರದೊಳಗಿನ ಮಾತು. ನಮ್ಮ ಕಡೆಯವರು ಬಸ್ಸಿನ ಟಾಪಿಗೆ ಸೈಕಲ್ ಹತ್ತಿಸಿ, ಹಗ್ಗ ಬಿಗಿದು, ಲಗೇಜ್ ಚೀಟಿ ಹರಿಸುತ್ತಿದ್ದ ಕಾಲವಿತ್ತು. ಈಗ ನಮ್ಮ ದಾರಿಯ ಬಸ್ಸುಗಳಿಗೆ ಏಣಿಯೂ ಇಲ್ಲ, ಟಾಪೂ ಇಲ್ಲ. ಹೋಗಲಿ, ಸೈಕಲ್ಲು ನಮ್ಮ ಜೊತೆ ಬಸ್ಸಿನಲ್ಲಿ ಬರುವುದೇ ಬೇಡ. ಇಳಿದ ಮೇಲೆ ಅಂಗಡಿಗೆ ನಡೆದು ಹೋಗುತ್ತೇನೆ. ನನಗದು ಬೇಕಾಗಿರುವುದು ಮನೆಯಿಂದ ಸ್ಟಾಪಿಗೆ, ಸ್ಟಾಪಿನಿಂದ ಮನೆಗೆ.

2023ರ ಆಗಸ್ಟ್‌ನಿಂದ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧವಿದೆ. ಹೀಗಾಗಿ ಅವೆಲ್ಲ ನಮ್ಮ ಜೊತೆಗೇ ಸರ್ವೀಸ್ ರಸ್ತೆಯಲ್ಲಿವೆ. ನಮ್ಮ ಸ್ಟಾಪಿನಲ್ಲಿ ನಿಲ್ಲುವ ಕೆಂಪು ಬಸ್ಸೂ ಅಲ್ಲಿಯೇ ಬರುತ್ತದೆ. ಅಂದರೆ ಸೈಕಲ್ ನಿಲ್ಲಿಸಬೇಕಾದ ಜಾಗ ಯಾವುದು ಎಂದು ಹುಡುಕುವ ಕೆಲಸವೂ ಇಲ್ಲ. ತಂಗುದಾಣದ ಮಗ್ಗುಲೇ ಸಾಕು. ಹತ್ತು ಸೈಕಲ್ ನಿಲ್ಲುವಷ್ಟು ಉದ್ದಕ್ಕೆ ಕಮಾನಿನಂತೆ ಬಗ್ಗಿಸಿದ ಕಬ್ಬಿಣದ ಪೈಪುಗಳನ್ನು ಕಾಂಕ್ರೀಟಿನಲ್ಲಿ ಹೂತರೆ ಚಕ್ರವನ್ನೂ ಫ್ರೇಮನ್ನೂ ಸೇರಿಸಿ ಬೀಗ ಹಾಕಬಹುದು. ಮೇಲೊಂದು ಶೀಟು, ರಾತ್ರಿ ಉರಿಯುವ ಒಂದು ದೀಪ. ದೀಪ ಮುಖ್ಯ, ಏಕೆಂದರೆ ಸಂಜೆಯ ಬಸ್ಸು ತಡವಾದರೆ ಹೆಂಗಸರು ಕತ್ತಲೆಯಲ್ಲಿ ಬೀಗದ ಕೈ ತಡಕಾಡಬೇಕಾಗುತ್ತದೆ. ತಾಲ್ಲೂಕು ನಿಲ್ದಾಣದ ಸ್ಟ್ಯಾಂಡನ್ನು ಹರಾಜು ಹಾಕುವಾಗ ಸೈಕಲ್ಲಿಗೆ ಇಷ್ಟು ಜಾಗ ಬಿಡಲೇಬೇಕು, ಇಷ್ಟೇ ದುಡ್ಡು ತೆಗೆದುಕೊಳ್ಳಬೇಕು ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಿದರೆ ನನ್ನ ನಾದಿನಿಯ ಸಮಸ್ಯೆಯೂ ಮುಗಿಯುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರೆದು ಕೊಡುವವಳಿದ್ದೇನೆ. ನಮ್ಮ ಕಡೆಯ ತಂಗುದಾಣಗಳ ಮೇಲೆ ಅನುದಾನ ಕೊಟ್ಟ ಜನಪ್ರತಿನಿಧಿಗಳ ಹೆಸರು ಊರಿನ ಹೆಸರಿಗಿಂತ ದಪ್ಪಕ್ಷರದಲ್ಲಿರುತ್ತದೆ. ಸೈಕಲ್ ಶೀಟಿನ ಮೇಲೂ ಧಾರಾಳವಾಗಿ ಬರೆಸಿಕೊಳ್ಳಲಿ, ನಮ್ಮದೇನೂ ತಕರಾರಿಲ್ಲ.

— ಒಬ್ಬ ಓದುಗಿ, ಮಂಡ್ಯ ಜಿಲ್ಲೆ