ಪ್ಯಾಚ್ ಸೇರಿತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು

ಎಂಟು ತಿಂಗಳಿಂದ ಹಿಡಿದು ಕೂತಿದ್ದ ಏಳು ಪ್ಯಾಚ್‌ಗಳು, ಅಂದರೆ ಕೋಡ್‌ಗೆ ನಾನು ಮಾಡಿದ ತಿದ್ದುಪಡಿಗಳು, ಕೊನೆಗೂ ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಸೇರಿವೆ. ಹೊಸ ಬದಲಾವಣೆ ಸೇರಿಸಿಕೊಳ್ಳುವ ಮರ್ಜ್ ವಿಂಡೋ ಮುಗಿದು, ಹೊಸ ಆವೃತ್ತಿಯ ಮೊದಲ ಪರೀಕ್ಷಾ ರೂಪವಾದ ಆರ್‌ಸಿ1 ಬಂದ ದಿನ, ಯಾರು ಏನು ಬದಲಿಸಿದರು ಅನ್ನೋ ದಾಖಲೆಯಾದ ಗಿಟ್ ಲಾಗ್‌ನಲ್ಲಿ ನನ್ನ ಹೆಸರು ನೋಡಿ ಅಮ್ಮನನ್ನು ಕರೆದು ತೋರಿಸಿದೆ. "ಇದರಿಂದ ಈಗ ಏನಾಗ್ತದೆ?" ಅಂತ ಕೇಳಿದಳು. ಏನೂ ಆಗಲ್ಲ ಅಮ್ಮ, ಮೊದಲು ಹೇಗೆ ನಡೀತಿತ್ತೋ ಹಾಗೇ ನಡೀತದೆ ಅಂದೆ. ಹಳೇ ಕೋಡ್ ಚೊಕ್ಕ ಮಾಡುವ ಕ್ಲೀನಪ್ ಕೆಲಸವೇ ಹಾಗೆ. ಬಳಸುವವರಿಗೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗಬಾರದು. ಅದಕ್ಕೇ ಈ ಬರಹ. ಇದರ ಹಿಂದೆ ಎಷ್ಟು ಜನ ಇದ್ದರು ಅನ್ನೋದು ಬೇರೆ ಎಲ್ಲೂ ಕಾಣುವುದಿಲ್ಲ.

ಕೆಲಸ ಏನಾಗಿತ್ತು ಅಂತ ಸ್ವಲ್ಪ ಹೇಳುತ್ತೇನೆ. ಎಕ್ಸ್‌ಟಿ2, ಮಿನಿಕ್ಸ್, ಯುಎಫ್‌ಎಸ್ ಇವು ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಂಗಳು. ಇವುಗಳ ಡೈರೆಕ್ಟರಿ (ಫೋಲ್ಡರ್) ಕೋಡ್ ನೋಡಿದರೆ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಇರುತ್ತದೆ. ಆ ಗುಂಪಿನ ಒಂದು ಹಳೆಯ ಫೈಲ್‌ಸಿಸ್ಟಂನಲ್ಲಿ ಇನ್ನೂ ಕೆಮ್ಯಾಪ್ ಅನ್ನೋ ಹಳೇ ಫಂಕ್ಷನ್ ಉಳಿದಿತ್ತು. 32 ಬಿಟ್ ಯಂತ್ರದಲ್ಲಿ ಕರ್ನಲ್‌ಗೆ ನೇರವಾಗಿ ಸಿಗುವುದು ಸುಮಾರು 896 ಎಂಬಿ ಮೆಮೊರಿ ಮಾತ್ರ. ಅದರ ಮೇಲಿನ ಭಾಗಕ್ಕೆ ಹೈಮೆಮ್ ಅನ್ನುತ್ತಾರೆ, ಅಲ್ಲಿಯ ಪೇಜ್ (ಮೆಮೊರಿಯ ಒಂದು ತುಂಡು) ಬೇಕಾದರೆ ತಾತ್ಕಾಲಿಕವಾಗಿ ಒಂದು ಕಿಟಕಿ ತೆರೆದು ನೋಡಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಕೆಮ್ಯಾಪ್ ತೆರೆಯುವ ಕಿಟಕಿಗಳು ಇಡೀ ಯಂತ್ರಕ್ಕೆ ಸೇರಿದ್ದು, ಇರುವುದೂ ಕಡಿಮೆ. 2021ರಲ್ಲಿ ಕರ್ನಲ್ 5.11ರ ಜೊತೆ ಬಂದ ಕೆಮ್ಯಾಪ್ ಲೋಕಲ್‌ನಲ್ಲಿ ಆಯಾ ಕೆಲಸಕ್ಕೆ ಅದರದೇ ಕಿಟಕಿ. ಆದರೆ ಒಂದು ನಿಯಮ ಇದೆ, ಕೊನೆಗೆ ತೆರೆದಿದ್ದನ್ನು ಮೊದಲು ಮುಚ್ಚಬೇಕು, ಜೋಡಿಸಿಟ್ಟ ತಟ್ಟೆಗಳನ್ನು ಮೇಲಿಂದ ತೆಗೆಯುವ ಹಾಗೆ.

ಕೆಮ್ಯಾಪ್ ಇದ್ದಲ್ಲೆಲ್ಲ ಕೆಮ್ಯಾಪ್ ಲೋಕಲ್ ಅಂತ ಹೆಸರು ಬದಲಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಫೈಲ್, ಡೈರೆಕ್ಟರಿಗಳ ಹೆಸರು ಅಥವಾ ಜಾಗ ಬದಲಿಸುವ ರೀನೇಮ್ ಫಂಕ್ಷನ್ ಸಿಕ್ಕಿದಾಗ ಗೊತ್ತಾಯಿತು ಹಾಗಲ್ಲ ಅಂತ. ಒಂದು ಡೈರೆಕ್ಟರಿಯನ್ನು ಬೇರೆ ಕಡೆಗೆ ಸಾಗಿಸುವಾಗ ಹಳೇ ಜಾಗದ ಎಂಟ್ರಿ ಇರುವ ಪೇಜ್ ತೆರೆದಿರಬೇಕು, ಆ ಡೈರೆಕ್ಟರಿಯ ಒಳಗೆ ತಾಯಿ ಡೈರೆಕ್ಟರಿಯನ್ನು ತೋರಿಸುವ ಎರಡು ಚುಕ್ಕಿಯ ಎಂಟ್ರಿ ಇರುವ ಪೇಜ್ ಕೂಡ ತೆರೆದಿರಬೇಕು, ಗುರಿ ಜಾಗದಲ್ಲಿ ಆಗಲೇ ಅದೇ ಹೆಸರಿನದು ಇದ್ದರೆ ಮೂರನೆಯದೂ ಬೇಕು, ಮತ್ತು ನಡುವೆ ಎಲ್ಲಿ ಎರರ್ ಬಂದರೂ ಅಲ್ಲಿವರೆಗೆ ತೆರೆದಿದ್ದನ್ನೆಲ್ಲ ಸರಿಯಾದ ಕ್ರಮದಲ್ಲಿ ಮುಚ್ಚಿ ಹೊರಬರಬೇಕು. ನಾನು ಒಂದು ಎರರ್ ದಾರಿಯಲ್ಲಿ ಕ್ರಮ ತಿರುಗುಮುರುಗು ಮಾಡಿದ್ದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಟೆಸ್ಟೂ ಪಾಸ್. 64 ಬಿಟ್‌ನಲ್ಲಿ ಎಲ್ಲ ಮೆಮೊರಿಯೂ ನೇರ ಸಿಗುವುದರಿಂದ ಕಿಟಕಿಯ ಮಾತೇ ಇಲ್ಲ, ತಪ್ಪು ಕ್ರಮದಲ್ಲಿ ಮುಚ್ಚಿದರೂ ಏನೂ ಆಗುವುದಿಲ್ಲ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಅನುಕರಿಸುವ ಕ್ಯೂಎಮ್ಯು ಒಳಗೆ 32 ಬಿಟ್ ಯಂತ್ರ ಮಾಡಿಯೂ ನೋಡಿದ್ದೆ. ಅಲ್ಲೂ ಪಾಸ್. ಅದಕ್ಕೆ ನಾನು ಕೊಟ್ಟಿದ್ದು 512 ಎಂಬಿ. 896 ದಾಟದಿದ್ದರೆ ಹೈಮೆಮ್ ಅನ್ನೋದೇ ಇರುವುದಿಲ್ಲ, ಅಲ್ವಾ? ಅದು ನನಗೆ ಆಗ ಹೊಳೆಯಲಿಲ್ಲ.

ಶಿರಸಿ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಣ್ಣನಿಗೆ ಮೊದಲ ಥ್ಯಾಂಕ್ಸ್. ಹಳೇ 32 ಬಿಟ್ ಲ್ಯಾಪ್‌ಟಾಪ್ ಇದ್ದರೆ ಕೊಡಿ ಅಂತ ಕೇಳಿದಾಗ ಯಾಕೆ, ಏನು ಅಂತ ಕೇಳದೆ ಮೇಲಿನ ಶೆಲ್ಫ್‌ನಿಂದ ಒಂದನ್ನು ಇಳಿಸಿ, ಧೂಳು ಒರೆಸಿ, 2 ಜಿಬಿ ರ‍್ಯಾಮ್ ಹುಡುಕಿ ಹಾಕಿ ಕೊಟ್ಟರು. ದುಡ್ಡು ಕೊಡಲು ಹೋದರೆ "ಸುಮ್ನೆ ತಗೊಂಡು ಹೋಗಮ್ಮ, ಕೆಲಸ ಆದ್ಮೇಲೆ ತಂದ್ಕೊಡು" ಅಂದರು. ಆವತ್ತು ರಾತ್ರಿಯೇ ಆ ಯಂತ್ರದಲ್ಲಿ ವಾರ್ನಿಂಗ್ ಬಂತು, ತಪ್ಪು ಎಲ್ಲಿ ಆಯಿತು ಅಂತ ತೋರಿಸುವ ಸ್ಟ್ಯಾಕ್ ಟ್ರೇಸ್‌ನಲ್ಲಿ ನಾನೇ ಬರೆದ ಸಾಲು. ಆ ಲ್ಯಾಪ್‌ಟಾಪ್ ಇಲ್ಲದಿದ್ದರೆ ಈ ತಪ್ಪು ಹಾಗೇ ಒಳಗೆ ಹೋಗಿ, ಎಲ್ಲೋ ಯಾರದೋ ಹಳೇ ಯಂತ್ರದಲ್ಲಿ ಡೈರೆಕ್ಟರಿ ಸಾಗಿಸುವಾಗ ಕೈಕೊಡುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ.

64 ಬಿಟ್‌ನಲ್ಲೂ ಒತ್ತಾಯದಿಂದ ಕಿಟಕಿ ತೆರೆಸುವ ಡಿಬಗ್ ಆಯ್ಕೆಯೊಂದು ಕರ್ನಲ್‌ನಲ್ಲೇ ಇದೆ. ಅದನ್ನು ಹೇಳಿಕೊಟ್ಟದ್ದು ನನ್ನ ಪ್ಯಾಚ್ ರಿವ್ಯೂ ಮಾಡಿದವರು. 2 ಜಿಬಿ ಇಟ್ಟು ನೋಡಿದೆಯಾ ಅಂತ ಕೇಳಿದವರೂ ಅವರೇ. ಮೊದಲ ವರ್ಷನ್‌ನಲ್ಲಿ ನಾನು ಎಲ್ಲವನ್ನೂ ಒಂದೇ ಪ್ಯಾಚ್‌ನಲ್ಲಿ ತುರುಕಿದ್ದೆ. ಒಂದು ಪ್ಯಾಚ್‌ಗೆ ಒಂದೇ ಬದಲಾವಣೆ ಇರಲಿ, ನಾಳೆ ಏನಾದರೂ ಕೆಟ್ಟರೆ ಬೈಸೆಕ್ಟ್ ಮಾಡುವವರಿಗೆ (ಬದಲಾವಣೆಗಳನ್ನು ಅರ್ಧರ್ಧ ಮಾಡುತ್ತಾ ತಪ್ಪು ಹುಡುಕುವವರಿಗೆ) ಯಾವ ಹೆಜ್ಜೆಯಲ್ಲಿ ಕೆಟ್ಟಿತು ಅಂತ ಸಿಗಬೇಕು ಅಂದರು. ಬೈಯಲಿಲ್ಲ. ಐದು ವರ್ಷನ್ ಓದಿದರು, ಐದನ್ನೂ ಸಾಲು ಸಾಲಾಗಿ ಓದಿದರು. ಮಧ್ಯೆ ಅಪ್ಪನಿಗೆ ಹುಷಾರು ತಪ್ಪಿ ನಾನು ಆರು ವಾರ ಏನೂ ಕಳಿಸಲಾಗಲಿಲ್ಲ. ಮನೆ ಮೊದಲು, ಈ ಕೋಡ್ ಇಷ್ಟು ವರ್ಷ ಕಾದಿದೆ, ಇನ್ನೊಂದು ರಿಲೀಸ್ ಕಾಯುತ್ತದೆ ಅಂತ ಬರೆದರು. ಆಸ್ಪತ್ರೆಯ ಬೆಂಚ್ ಮೇಲೆ ಕೂತು ಅದನ್ನು ಎಷ್ಟು ಸಲ ಓದಿದೆನೋ.

ಅವರು ಹೇಳಿದ್ದು ನಿಜವೂ ಹೌದು. ಯಾವ ಸಾಲನ್ನು ಯಾರು ಯಾವಾಗ ಬರೆದರು ಅಂತ ತೋರಿಸುವ ಗಿಟ್ ಬ್ಲೇಮ್ ಅನ್ನು ಆ ಕೋಡ್‌ಗೆ ಹಾಕಿದರೆ ಎಷ್ಟೋ ಸಾಲುಗಳು 2005ರ ಏಪ್ರಿಲ್‌ಗೆ ಹೋಗಿ ನಿಲ್ಲುತ್ತವೆ. ಕರ್ನಲ್ ಗಿಟ್‌ಗೆ ಬಂದದ್ದೇ ಆಗ, ಅದಕ್ಕೂ ಹಿಂದೆ ಯಾರು ಬರೆದರೋ ಅಲ್ಲಿ ಕಾಣುವುದಿಲ್ಲ. ಅವರಿಗೂ ನನ್ನ ನಮಸ್ಕಾರ. ಹಳೇ ಕೋಡ್ ಅಂದರೆ ಕೆಟ್ಟ ಕೋಡ್ ಅಂತ ಹೇಳುವವರ ಮಾತು ನಾನು ಇನ್ನು ಒಪ್ಪುವುದಿಲ್ಲ. ಅವರ ಎರರ್ ದಾರಿಗಳು ನನ್ನ ಮೊದಲ ವರ್ಷನ್‌ಗಿಂತ ಚೆನ್ನಾಗಿದ್ದವು.

ಪಕ್ಕದ ಮನೆ ಭಟ್ರಿಗೆ ಥ್ಯಾಂಕ್ಸ್. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ, ಟೆಸ್ಟ್ ನೋಡಿದರೆ ರಾತ್ರಿಯಿಡೀ ಓಡಬೇಕು. ತಮ್ಮ ಇನ್ವರ್ಟರ್‌ನಿಂದ ನಮ್ಮ ಕಿಟಕಿವರೆಗೆ ವೈರ್ ಎಳೆದುಕೊಟ್ಟರು. ಆಫೀಸಿನಲ್ಲಿ ಶುಕ್ರವಾರದ ಸಂಜೆ ಮೀಟಿಂಗ್ ನನ್ನ ಬದಲು ನೋಡಿಕೊಂಡ ಗೆಳತಿಗೆ, ರಾತ್ರಿ ಎರಡು ಗಂಟೆಗೆ ಎದ್ದು ಲೈಟ್ ಯಾಕೆ ಉರೀತಿದೆ ಅಂತ ಕೇಳಿ ಕಷಾಯ ಮಾಡಿಕೊಟ್ಟು ಹೋದ ಅಮ್ಮನಿಗೆ, ಈಗ ಮತ್ತೆ ತೋಟಕ್ಕೆ ಹೋಗುವಷ್ಟು ಗಟ್ಟಿಯಾದ ಅಪ್ಪನಿಗೆ.

ಲ್ಯಾಪ್‌ಟಾಪ್ ಕೊಡಲು ಶನಿವಾರ ಅಂಗಡಿಗೆ ಬರುತ್ತೇನೆ ಅಣ್ಣ. ಅದರಲ್ಲಿ ಆರ್‌ಸಿ1 ಬೂಟ್ ಆಗುತ್ತಿದೆ, ನಾಲ್ಕು ದಿನದಿಂದ ಟೆಸ್ಟ್ ಓಡಿಸುತ್ತಿದ್ದೇನೆ, ಒಂದು ವಾರ್ನಿಂಗ್ ಕೂಡ ಬಂದಿಲ್ಲ.