ಇದ್ದಿಲ ಒಲೆ ಆರಿಸಿದ್ದಕ್ಕೆ ಬೈಯುತ್ತಿರುವ ನಮ್ಮ ಗ್ರಾಹಕರಿಗೆ

ನಮಸ್ಕಾರ.

ಯುಗಾದಿಯಿಂದ ನಮ್ಮ ಕುಲುಮೆಯಲ್ಲಿ ಇದ್ದಿಲು ಉರಿಯುತ್ತಿಲ್ಲ. ಗ್ಯಾಸ್ ಒಲೆ ಬಂದಿದೆ. ಅದರ ಜೊತೆಗೆ ಕತ್ತಿಗೆ 60 ರೂಪಾಯಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ 40 ರೂಪಾಯಿ ಜಾಸ್ತಿಯಾಗಿದೆ. ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ತಪ್ಪಾಯಿತು. ಬೋರ್ಡಿನಲ್ಲಿ ಹೊಸ ರೇಟು ನೋಡಿ ಮುಖ ಸಿಂಡರಿಸಿದವರ ಮೇಲೆ ನಮಗೇನೂ ಬೇಸರವಿಲ್ಲ.

ಬೇಸರ ಇರುವುದು "ಇದ್ದಿಲಿನ ಖರ್ಚು ಉಳೀತಲ್ಲ, ಮತ್ಯಾಕೆ ರೇಟು ಏರಿಸಿದ್ರಿ?" ಎಂಬ ಮಾತಿಗೆ. ನಮ್ಮದು ಮನೆ ಸಿಲಿಂಡರ್ ಅಲ್ಲ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್. ತಿಂಗಳ ಒಂದನೇ ತಾರೀಖು ಬಂತೆಂದರೆ ಇವತ್ತು ರೇಟು ಎಷ್ಟಾಯಿತೋ ಎಂಬ ಚಿಂತೆ. ಅದರ ಮೇಲೆ 18% ಜಿಎಸ್‌ಟಿ. ಕತ್ತಿ, ಕುಡುಗೋಲು, ಕೊಡಲಿ ಕೃಷಿ ಸಾಮಾನಾದ್ದರಿಂದ ಜಿಎಸ್‌ಟಿ ಇಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಮಾರುವ ಮಾಲಿಗೆ ತೆರಿಗೆ ಇಲ್ಲದವರಿಗೆ ಗ್ಯಾಸಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಅದು ನಮ್ಮ ಕೈಯಿಂದಲೇ ಹೋಗುತ್ತದೆ. ಇನ್ನು ಇದ್ದಿಲಿನ ಮಾತು. ಬಯಲುಸೀಮೆಯಿಂದ ಬಳ್ಳಾರಿ ಜಾಲಿಯ ಇದ್ದಿಲು ಬರುತ್ತಿತ್ತು. ಮಳೆಗಾಲದಲ್ಲಿ ಚೀಲ ನೀರು ಕುಡಿದು ಕೂತಿರುತ್ತಿತ್ತು. ಇದ್ದಿಲಿನ ರೇಟು ಕೊಟ್ಟು ನೀರು, ಕಲ್ಲು, ಪುಡಿ ತಂದಿದ್ದೇವೆ. ಆಗ ನಿಮ್ಮ ಹತ್ತಿರ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ.

ಈಗ ದೊಡ್ಡ ದೂರಿಗೆ ಬರೋಣ. "ಉಕ್ಕಿಗೆ ಬಲ ಕೊಡೋದೇ ಇದ್ದಿಲು. ಗ್ಯಾಸಿಗೆ ಹೋದ್ರಿ, ಕತ್ತಿ ಸಪ್ಪೆ ಆಯ್ತು." ಕಡಿಮೆಯೆಂದರೂ ಐವತ್ತು ಜನ ಹೀಗೆ ಹೇಳಿದ್ದಾರೆ.

ಇದರಲ್ಲಿ ಅರ್ಧ ನಿಜ. ಉಕ್ಕಿಗೆ ಬಲ ಬರುವುದು ಇಂಗಾಲದಿಂದಲೇ. ಇಂಗಾಲ ಎಂಬ ಪದಕ್ಕೇ ಹಳೆಯ ಅರ್ಥ ಕೆಂಡ, ಇದ್ದಿಲು. ಆದರೆ ನಿಮ್ಮ ಕತ್ತಿಯಲ್ಲಿರುವ ಇಂಗಾಲ ನಮ್ಮ ಒಲೆಯಿಂದ ಬಂದದ್ದಲ್ಲ. ನಾವು ತರುವ ಲಾರಿ ಸ್ಪ್ರಿಂಗ್ ಪಟ್ಟಿಯಲ್ಲೇ ಇತ್ತು. ಅಂಥ ಉಕ್ಕು 100 ಕೆಜಿ ತೆಗೆದುಕೊಂಡರೆ ಅರ್ಧ ಕೆಜಿಗಿಂತ ಚೂರು ಜಾಸ್ತಿ ಇಂಗಾಲ ಇರುತ್ತದೆ, ಅಷ್ಟೇ. ಕಿಟಕಿ ಗ್ರಿಲ್ಲಿನ ಮೆತ್ತನೆ ಕಬ್ಬಿಣದಲ್ಲಿ ಕಾಲು ಕೆಜಿಯೂ ಇಲ್ಲ, ಎಷ್ಟು ಕಾಯಿಸಿ ಎಣ್ಣೆಗೆ ಅದ್ದಿದರೂ ಅದಕ್ಕೆ ಬಾಯಿ, ಅಂದರೆ ಹರಿತದ ಅಂಚು, ನಿಲ್ಲುವುದಿಲ್ಲ. ಬೀಡು ಕಬ್ಬಿಣದಲ್ಲಿ ಮೂರು, ನಾಲ್ಕು ಕೆಜಿ. ದೋಸೆ ಕಾವಲಿ ಕೈತಪ್ಪಿ ಬಿದ್ದರೆ ಒಡೆಯುವುದು ಅದಕ್ಕೇ.

ಒಬ್ಬ ಹಿರಿಯರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನೆನಪಿಸಿದರು. ನಿಜ ಯಜಮಾನರೇ, 1923ರಲ್ಲಿ ಶುರುವಾದಾಗ ಆ ಕಾರ್ಖಾನೆ ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುತ್ತಿತ್ತು. ಆದರೆ ಅಲ್ಲಿ ಇದ್ದಿಲಿನ ಕೆಲಸ ಬೇರೆ. ಅದಿರಿನಲ್ಲಿರುವ ಆಮ್ಲಜನಕವನ್ನು ಅದು ಕಿತ್ತುಕೊಳ್ಳಬೇಕು. ನಮ್ಮ ಸೀಮೆಯ ಹಳೇ ಉಕ್ಕಿನ ಕಥೆಯೂ ಅಷ್ಟೇ. 1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಎಂಬ ವೈದ್ಯ ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯೊಳಗೆ ಕಬ್ಬಿಣ, ತಂಗಡಿ ಕಟ್ಟಿಗೆ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರಂತೆ. ಗಾಳಿಯಾಡದಂತೆ ಮುಚ್ಚಿ ಗಂಟೆಗಟ್ಟಲೆ ಕಾಯಿಸಿದರೆ ಇಂಗಾಲ ಒಳಗಿಳಿಯುತ್ತದೆ. ತೆರೆದ ಒಲೆಯಲ್ಲಿ ನಾಲ್ಕು ನಿಮಿಷ ಕಾಯಿಸಿ ಅಡಿಗಲ್ಲಿಗೆ ಎಳೆದುಕೊಳ್ಳುವ ಪಟ್ಟಿಗೆ ಎಲ್ಲಿಂದ ಇಳಿಯಬೇಕು?

ಉಳಿದರ್ಧ ನಿಜ ನಮ್ಮ ತಪ್ಪು. ಇಂಗಾಲ ಒಳಗೆ ಹೋಗುವುದು ಕಷ್ಟ, ಹೊರಗೆ ಬರುವುದು ಸುಲಭ. ಹೊಸ ಒಲೆಯ ಬ್ಲೋವರನ್ನು ಮೊದಲ ಎರಡು ತಿಂಗಳು ನಾವು ಜಾಸ್ತಿಯೇ ತೆರೆದಿಟ್ಟಿದ್ದೆವು. ಗಾಳಿ ಜಾಸ್ತಿಯಾದರೆ ಕಾದ ಉಕ್ಕಿನ ಮೈಮೇಲಿನ ಇಂಗಾಲ ಸುಟ್ಟು ಹೋಗುತ್ತದೆ. ತೆಳ್ಳಗಿನ ಬಾಯಿಗೆ ಮೊದಲ ಪೆಟ್ಟು. ಇದ್ದಿಲ ರಾಶಿಯೊಳಗೆ ಕೆಂಡವೇ ಗಾಳಿಯನ್ನು ತಿಂದು ಮುಗಿಸುತ್ತಿತ್ತು, ನಮಗೆ ಅದರ ಚಿಂತೆಯೇ ಇರಲಿಲ್ಲ. ಅಡಿಕೆ ಸುಲಿಯುವಾಗ ಬಾಯಿ ಮಡಚಿತು ಎಂದು ಮೆಟ್ಟುಗತ್ತಿ ತಂದುಕೊಟ್ಟ ಅಕ್ಕ ಸುಳ್ಳು ಹೇಳಿರಲಿಲ್ಲ. ಅವರೆದುರೇ ಅರ ಹಾಕಿ ನೋಡಿದೆವು. ಗಟ್ಟಿ ಬಾಯಿಯ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರಬೇಕು. ಇದು ಕರಕರನೆ ಕಚ್ಚಿತು. ನಾಚಿಕೆಯಾಯಿತು.

ಈಗ ಗಾಳಿ ತಗ್ಗಿಸಿದ್ದೇವೆ. ಹದ ಹಾಕಿದ ಮೇಲೆ ಮೇಲಿನ ಪದರ ಸಾಣೆ ಹಿಡಿದು ತೆಗೆಯುತ್ತೇವೆ. ದಾರಕ್ಕೆ ಕಟ್ಟಿದ ಅಯಸ್ಕಾಂತವೊಂದು ಒಲೆ ಪಕ್ಕ ತೂಗುತ್ತಿರುತ್ತದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕಿಗೆ ಅದು ಅಂಟುವುದಿಲ್ಲ. ಅಲ್ಲಿಂದ ಇನ್ನೊಂದು ಚೂರು ಕಾಯಿಸಿ ಹೊಂಗೆ ಎಣ್ಣೆಗೆ ಅದ್ದುತ್ತೇವೆ. ಆಮೇಲೆ ಬಾಯಿ ಒಣಹುಲ್ಲಿನ ಬಣ್ಣಕ್ಕೆ ಬರುವವರೆಗೆ ಹದವಾಗಿ ಬಿಸಿ ಮಾಡುತ್ತೇವೆ. ಕಣ್ಣು, ಕೈ ಹಳೆಯವೇ.

ಕೆಲವರು "ಪರಿಸರ ಉಳಿಸ್ತೀರಾ?" ಎಂದು ನಗುತ್ತಾರೆ. ಅಂಥ ಬೋರ್ಡು ನಾವು ಹಾಕಿಲ್ಲ. ಇದ್ದಿಲಾಗಲಿ ಗ್ಯಾಸಾಗಲಿ, ಒಂದು ಕೆಜಿ ಉರಿದರೆ ಸುಮಾರು 3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಡಿದ ಜಾಲಿ ಮತ್ತೆ ಚಿಗುರಿದರೆ ಆ ಇಂಗಾಲವನ್ನು ವಾಪಸ್ ಎಳೆದುಕೊಳ್ಳುತ್ತದೆ. ಗ್ಯಾಸಿನದು ನೆಲದಡಿ ಕೋಟ್ಯಂತರ ವರ್ಷ ಮಲಗಿದ್ದ ಇಂಗಾಲ, ಅದು ಹೊಸದಾಗಿ ಗಾಳಿಗೆ ಸೇರುತ್ತದೆ. ಈ ಲೆಕ್ಕದಲ್ಲಿ ನಾವೇನೂ ಸಾಧಿಸಿಲ್ಲ. ಒಂದು ಮಾತು ಮಾತ್ರ ಹೇಳಿಕೊಳ್ಳುತ್ತೇವೆ. ಅದಿರಿನಿಂದ ಒಂದು ಟನ್ ಹೊಸ ಉಕ್ಕು ಮಾಡಲು ಹೆಚ್ಚುಕಡಿಮೆ 2 ಟನ್ ಡೈಆಕ್ಸೈಡ್ ಹೊರಬರುತ್ತದೆ. ನಾವು ಗುಜರಿಗೆ ಬಿದ್ದ ಪಟ್ಟಿ ಬಿಟ್ಟು ಬೇರೆ ಉಕ್ಕು ಮುಟ್ಟಿದವರಲ್ಲ.

ಯುಗಾದಿ ಆದಮೇಲಿನ ಎರಡು ತಿಂಗಳಲ್ಲಿ ಕೊಂಡ ಕತ್ತಿ, ಮೆಟ್ಟುಗತ್ತಿ ಯಾವುದಿದ್ದರೂ ತನ್ನಿ. ಬಿಲ್ಲು ಬೇಡ, ನಮ್ಮ ಮಾಲು ನಮಗೆ ಗೊತ್ತಾಗುತ್ತದೆ. ನಿಮ್ಮೆದುರೇ ಅರ ಹಾಕಿ ನೋಡುತ್ತೇವೆ. ಕಚ್ಚಿದರೆ ಹೊಸದು ಕೊಡುತ್ತೇವೆ, ಹಿಡಿ ಮಾತ್ರ ಹಳೆಯದನ್ನೇ ಹಾಕಿಕೊಡುತ್ತೇವೆ. ನಿಮ್ಮ ಕೈಗೆ ಒಗ್ಗಿದ ಹಿಡಿ ಅದು. ಸಂತೆ ದಿನ ಮಾತ್ರ ಬರಬೇಡಿ, ಅವತ್ತು ಒಲೆ ಹಚ್ಚುವುದಿಲ್ಲ.

ಇಂತಿ,
ನಿಮ್ಮ ಕುಲುಮೆಯವರು